ಹಗ್ಗ ಹಿರಿಯ ವಿಭಾಗದ ಗಂಡ

ಸಿದ್ಧಕಟ್ಟೆಯ ವಿನೋದಾಳ ತಾಯಿಕಡೆಯ ಹೆಂಗಸರು ಮೂರು ತಲೆಮಾರಿನಿಂದ ಊರನ್ನು ಗುಣಪಡಿಸುತ್ತ ಬಂದವರು. ಊರಿಗೆ ಗುಣವಾಗುವ ಮನಸ್ಸು ಇದೆಯೋ ಇಲ್ಲವೋ ಎಂದು ಕೇಳುವ ಪದ್ಧತಿ ಮಾತ್ರ ಆ ಮನೆತನದಲ್ಲಿ ಇರಲಿಲ್ಲ. ಮುತ್ತಜ್ಜಿ ಪೂವಮ್ಮ, ಗದ್ದೆ ಅಳೆಯಲು ಬಂದ ಸರ್ವೆ ಸಾಹೇಬರ ಮುಖ ಬಾಡಿದ್ದು ಕಂಡು ಅವರಿಗೆ ಒಂದು ಚೆಂಬು ಹರಳೆಣ್ಣೆ ಕುಡಿಸಿದಳು. ಸಾಹೇಬರು ಆಮೇಲೆ ಮೂರು ದಿನ ಗದ್ದೆ ಬಿಟ್ಟು ಗುಡ್ಡವನ್ನೇ ಅಳೆದರು. (ಆ ಗುಡ್ಡದ ಗಡಿ ಇಂದಿಗೂ ತಕರಾರಿನಲ್ಲಿದೆ.) ಅಜ್ಜಿ ದುಗ್ಗಮ್ಮ, ಪಾಣೆಮಂಗಳೂರಿನ ಹೊಳೆಬದಿಯಲ್ಲಿ ಬಿಕ್ಕಳಿಸುತ್ತಿದ್ದ ಬಳೆಗಾರನನ್ನು ಹಿಂದಿನಿಂದ ಹೋಗಿ ನೇತ್ರಾವತಿಗೆ ತಳ್ಳಿದಳು. ಬಿಕ್ಕಳಿಕೆ ನಿಂತಿತು; ಬಳೆಗಳು ಮಾತ್ರ ಸಿಗಲಿಲ್ಲ. ತಾಯಿಯಂತೂ ಊರಿಗೆ ಬಂದ ಹೊಸ ಡಾಕ್ಟರಿಗೇ ನೆಗಡಿಯ ಕಷಾಯ ಕೊಟ್ಟು, ಅವರು ತಿಂಗಳೊಳಗೆ ವರ್ಗ ಕೇಳಿಕೊಂಡು ಹೋಗುವಂತೆ ಮಾಡಿದ ಮಹಾತಾಯಿ.

ಇಂಥ ವಂಶದ ಕುಡಿಯ ಎದುರಿಗೇ ಸ್ವಂತ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ವಿನೋದಾಳಿಗೆ ಅದು ಬರೀ ಚಿಂತೆಯಲ್ಲ, ಮನೆತನಕ್ಕೆ ಬಂದ ಅವಮಾನ.

ಚಿನ್ನಯ್ಯ ಕಂಬಳದ ಉದ್ಘೋಷಕ. ಶನಿವಾರ ಬೆಳಿಗ್ಗೆ ಮೈಕು ಹಿಡಿದರೆ ಆದಿತ್ಯವಾರ ಮಧ್ಯಾಹ್ನದವರೆಗೆ ಬಿಡುವವನಲ್ಲ. ಕೆಸರುಗದ್ದೆಯ ಆ ತುದಿಯಲ್ಲಿ ಕೋಣಗಳ ಜೋಡಿ ಇಳಿಯಿತೆಂದರೆ ಸಾಕು, ಅದು ಯಾವ ಮನೆಯದು, ಯಜಮಾನರ ಅಜ್ಜ ಯಾರು, ಓಡಿಸುವವನ ಸೋದರಮಾವ ಯಾವ ವರ್ಷ ಯಾವ ಓಟದ ಕರೆಯಲ್ಲಿ ಮೆಡಲು ಹೊಡೆದದ್ದು, ಎಲ್ಲವನ್ನೂ ಉಸಿರು ಬಿಡದೆ ಹೇಳುವ ಸರಸ್ವತೀಪುತ್ರ. (ಹೆಂಡತಿ ಹುಟ್ಟಿದ ವರ್ಷ ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.)

ಆದರೆ ಮೇ ಕೊನೆಗೆ ಪತ್ತನಾಜೆ ಬಂದು, ಭೂತದ ಕೋಲ, ಬಯಲಾಟಗಳಿಗೆಲ್ಲ ಗೆಜ್ಜೆ ಬಿಚ್ಚಿತೆಂದರೆ ಅವನ ಬ್ಯಾಟರಿಯೂ ಇಳಿಯಲು ಶುರು. ಮಳೆ ಹಿಡಿದ ಮೇಲೆ ಮಾತು ಅರ್ಧವಾಗುತ್ತಿತ್ತು. ಜಡಿಮಳೆಯ ಆಟಿ ತಿಂಗಳಿಗೆ "ಹ್ಞೂಂ" ಮತ್ತು "ಊಹೂಂ" ಎರಡೇ ಉಳಿಯುತ್ತಿದ್ದವು. ಈ ವರ್ಷ ಹ್ಞೂಂ ಕೂಡ ಹೋಗಿ ಊಹೂಂ ಒಂದೇ ಉಳಿದಿತ್ತು. ಹತ್ತು ಗಂಟೆ ನಿದ್ದೆ ಮಾಡಿ ಎದ್ದವನು ದಣಿದು ಮತ್ತೆ ಮಲಗುತ್ತಿದ್ದ. ಪತ್ರೊಡೆಯ ಬಟ್ಟಲು ಎದುರಿಗಿಟ್ಟರೆ ಅದನ್ನು ಕೋರ್ಟಿನ ನೋಟೀಸು ನೋಡಿದಂತೆ ನೋಡುತ್ತಿದ್ದ. ಇಷ್ಟು ವರ್ಷ ವಿನೋದಾ ಇದಕ್ಕೆ 'ಮಳೆಗಾಲದ ಉದಾಸೀನ' ಎಂದು ಹೆಸರಿಟ್ಟು, ಗುಡಿಸುವಾಗ ಅವನ ಸುತ್ತ ಗುಡಿಸಿಕೊಂಡು ಹೋಗುತ್ತಿದ್ದಳು.

ಒಂದು ದಿನ ಕಂಬಳ ಸಮಿತಿಯ ಅಧ್ಯಕ್ಷ ಜತ್ತಪ್ಪನ ಫೋನು ಬಂತು. ಚಿನ್ನಯ್ಯ ಗೋಡೆಯತ್ತ ಮುಖ ಮಾಡಿಕೊಂಡೇ ಹೇಳಿದ: "ನನ್ನಿಂದ ಇನ್ನು ಆಗುದಿಲ್ಲ ಜತ್ತಪ್ಪಣ್ಣ. ಬೇರೆಯವರನ್ನು ನೋಡಿ."

ವಿನೋದಾಳ ಕೈಯ ಸೌಟು ಹಾಗೆಯೇ ನಿಂತಿತು. ಮೂವತ್ತೊಂದು ವರ್ಷ ಆ ಮೈಕನ್ನು ಸವತಿಯೆಂದು ಬೈದುಕೊಂಡೇ ಬಾಳಿದವಳು ಅವಳು. ಸವತಿಯೇ ಬಿಟ್ಟುಹೋದ ಗಂಡನನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಮೊದಲ ಬಾರಿಗೆ ಹೆದರಿದಳು. ಹಿತ್ತಲಿಗೆ ಹೋಗಿ ತಾನೇ ಜತ್ತಪ್ಪನಿಗೆ ಫೋನು ಮಾಡಿ ಗಡುವು ಕೇಳಿದಳು. ಜತ್ತಪ್ಪ ಒಳ್ಳೆಯವನು, ಮೂರು ವಾರ ಕಾಯುತ್ತೇನೆ, ಮೂರನೆಯ ಆದಿತ್ಯವಾರ ನಾನೇ ಬಂದು ಕೇಳುತ್ತೇನೆ ಎಂದ. ಆಮೇಲೆಯೂ ಊಹೂಂ ಅಂದರೆ ಬೆಳ್ತಂಗಡಿಯಲ್ಲಿ ಒಬ್ಬ ಹೊಸಬ ಇದ್ದಾನಂತೆ, ಲ್ಯಾಪ್‌ಟಾಪ್ ನೋಡಿಕೊಂಡು ಹೇಳುತ್ತಾನಂತೆ.

ಮಿಜಾರಿನ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವ ಮಗಳು ಸುರಕ್ಷಾ ರಜೆ ಹಾಕಿ ಬಂದು ಅಪ್ಪನನ್ನು ಮೂಡುಬಿದಿರೆಯ ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು. ಡಾಕ್ಟರಮ್ಮ ಸಾವಧಾನವಾಗಿ ಕೇಳಿ, ಇದು ಉದಾಸೀನ ಅಲ್ಲ, ಬಿಸಿಲಿಲ್ಲದ ಕಾಲಕ್ಕೆ ಕೆಲವರ ಮನಸ್ಸಿಗೆ ಬರುವ ಕಾಯಿಲೆ, ನಾಚಿಕೊಳ್ಳಲು ಏನೂ ಇಲ್ಲ ಎಂದರು. ಒಂದು ಮಾತ್ರೆ ಬರೆದರು. ಅದಲ್ಲದೆ, ಬೆಳಿಗ್ಗೆ ಬೇಗ ಎದ್ದು ಅರ್ಧ ಗಂಟೆ ಪ್ರಖರವಾದ ಬೆಳಕಿನ ಮುಂದೆ ಕೂರಬೇಕು, ನಡೆಯಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಒಬ್ಬನೇ ಇರಬಾರದು. ವಿನೋದಾ ಎಲ್ಲದಕ್ಕೂ ತಲೆ ಆಡಿಸಿದಳು. ಚಿನ್ನಯ್ಯ ತನ್ನನ್ನು ಬಿಟ್ಟು ಬೇರೆ ಯಾರದೋ ವಿಷಯ ಮಾತಾಡುತ್ತಿದ್ದಾರೆ ಎಂಬಂತೆ ಗೋಡೆಯ ಕ್ಯಾಲೆಂಡರ್ ನೋಡಿದ.

ಮಾತ್ರೆ ನುಂಗಿದ. ಉಳಿದದ್ದಕ್ಕೆಲ್ಲ ಊಹೂಂ. ಮಗಳು ತರಿಸಿಕೊಟ್ಟ ದೊಡ್ಡ ಬಿಳಿ ದೀಪ ಹಚ್ಚಿಟ್ಟರೆ ಅದಕ್ಕೆ ಬೆನ್ನು ಹಾಕಿ ಮಲಗಿದ. ನಾಲ್ಕು ದಿನದಲ್ಲಿ ಬೆನ್ನಿಗೆ ಎಷ್ಟು ಉತ್ಸಾಹ ಬಂತೋ ದೇವರಿಗೇ ಗೊತ್ತು, ಮುಖ ಮಾತ್ರ ಇದ್ದ ಹಾಗೇ ಇತ್ತು.

ಹಳೆಯ ಗೆಳೆಯ ಬಂದು ನಾಲ್ಕು ಮಾತಾಡಿದರೆ ಆದೀತೇನೋ ಎಂದು ವಿನೋದಾ ಬಸ್ಸು ಹತ್ತಿ ವೇಣೂರಿನ ಗುರುವಪ್ಪನ ಮನೆಗೆ ಹೋದಳು. ಗುರುವಪ್ಪ ಕಂಬಳದ ಕೋಣ ಸಾಕುವವನು. ಅವನು ಮನೆಯಲ್ಲಿ ಇರಲಿಲ್ಲ, ಕೊಟ್ಟಿಗೆಯಲ್ಲಿದ್ದ. (ಅವನ ಹೆಂಡತಿಯ ಪ್ರಕಾರ ಅದೇ ಅವನ ಮನೆ.) ಹೊರಗೆ ಮಧ್ಯಾಹ್ನಕ್ಕೇ ಕತ್ತಲು ಕವಿದಿತ್ತು, ಕೊಟ್ಟಿಗೆಯಲ್ಲಿ ಮಾತ್ರ ಮದುವೆ ಹಾಲಿನ ಹಾಗೆ ಟ್ಯೂಬ್‌ಲೈಟು, ಮೂಲೆಯಲ್ಲಿ ರೇಡಿಯೊ. ಎರಡು ಕೋಣಗಳು ಬಿಸಿ ಎಣ್ಣೆ ತಿಕ್ಕಿಸಿಕೊಂಡು, ಬೇಯಿಸಿದ ಹುರುಳಿ ಮೆಲ್ಲುತ್ತ, ಚಿಕ್ಕಪುಟ್ಟ ಮಹಾರಾಜರಂತೆ ನಿಂತಿದ್ದವು.

"ಮಳೆಗಾಲದಲ್ಲಿ ಕೋಣಕ್ಕೂ ಬೇಜಾರು ಹಿಡೀತದೆ ಅಕ್ಕಾ," ಎಂದ ಗುರುವಪ್ಪ. "ಓಟ ಇಲ್ಲ, ಜನ ಇಲ್ಲ, ವಾದ್ಯ ಇಲ್ಲ. ಬೆಳಕು ಬೇಕು, ಎಣ್ಣೆ ಬೇಕು, ಬೆಳಿಗ್ಗೆ ನಡೆಸ್ಬೇಕು, ಹೊತ್ತಿಗೆ ಹುರುಳಿ ಕೊಡ್ಬೇಕು. ಮಾತಾಡಿಸ್ತಾ ಇರ್ಬೇಕು. ಇಲ್ಲದಿದ್ರೆ ಅದು ಗೋಡೆ ನೋಡ್ಲಿಕ್ಕೆ ಶುರು ಮಾಡ್ತದೆ."

ವಿನೋದಾ ಎದ್ದು ನಿಂತಳು. ಡಾಕ್ಟರಮ್ಮನ ಚೀಟಿಗೂ ಗುರುವಪ್ಪನ ಕೊಟ್ಟಿಗೆಗೂ ಇದ್ದ ವ್ಯತ್ಯಾಸ ಎಣ್ಣೆ ಮತ್ತು ಹುರುಳಿ ಮಾತ್ರ. ವಾಪಸು ಬರುವಾಗ ಅವಳ ಚೀಲದಲ್ಲಿ ಐದು ಸೇರು ಹುರುಳಿ, ಒಂದು ಬಾಟ್ಲಿ ಎಣ್ಣೆ ಇತ್ತು. ಗಂಡನಿಗೆ ಹೇಳುವ ಉದ್ದೇಶ ಇರಲಿಲ್ಲ. ಪೂವಮ್ಮನ ಮರಿಮಗಳು ರೋಗಿಯ ಒಪ್ಪಿಗೆಗೆ ಕಾಯುವವಳೇ?

ಮರುದಿನದಿಂದ ಚಿಕಿತ್ಸೆ ಆರಂಭವಾಯಿತು. ಬೇಯಿಸಿದ ಹುರುಳಿಯ ಬಟ್ಟಲು ನೋಡಿ ಚಿನ್ನಯ್ಯ ಊಹೂಂ ಎಂದ. ಎಣ್ಣೆ ಹಚ್ಚಲು ಬಂದರೆ ಕಾಲು ಮಡಚಿಕೊಂಡ. ಮೂರನೆಯ ಬೆಳಿಗ್ಗೆ ವಿನೋದಾಳ ತಾಳ್ಮೆ ಹರಿದು, ಕೊಟ್ಟಿಗೆಯಲ್ಲಿ ಗುರುವಪ್ಪ ಕೋಣಗಳನ್ನು ಮಾತಾಡಿಸುತ್ತಿದ್ದ ದನಿ ಅವಳಿಗೆ ಅರಿವಿಲ್ಲದೆಯೇ ಬಾಯಿಂದ ಬಂದುಬಿಟ್ಟಿತು. ಅವನ ತೊಡೆಯ ಮೇಲೆ ಎರಡು ಬಾರಿ ತಟ್ಟಿ, "ಹ್ಹೋ... ಕಾಲೆತ್ತು, ಕಾಲೆತ್ತು," ಎಂದಳು.

ಚಿನ್ನಯ್ಯ ಮೂರು ವಾರದಲ್ಲಿ ಮೊದಲ ಬಾರಿಗೆ ತಾನಾಗಿ ಗೋಡೆಯಿಂದ ಈಚೆ ತಿರುಗಿದ.

"ಇದು ಗುರುವಪ್ಪನ ಕ್ರಮ ಅಲ್ವಾ?"

ಸಿಕ್ಕಿಬಿದ್ದ ವಿನೋದಾ ಎಲ್ಲವನ್ನೂ ಒಪ್ಪಿಕೊಂಡಳು. ಇನ್ನು ಬಟ್ಟಲು ಹಾರುತ್ತದೆ, ಎಣ್ಣೆ ಚೆಲ್ಲುತ್ತದೆ ಎಂದು ಒಂದು ಹೆಜ್ಜೆ ಹಿಂದೆ ಸರಿದಳು. ಚಿನ್ನಯ್ಯ ಮಡಚಿದ ಕಾಲನ್ನು ಮೆಲ್ಲಗೆ ಚಾಚಿದ.

"ಯಾವ ವಿಭಾಗ?" ಎಂದು ಕೇಳಿದ.

"ಎಂಥದ್ದು?"

"ನನ್ನನ್ನು ಯಾವ ವಿಭಾಗದ ಕೋಣ ಅಂತ ಇಟ್ಟಿದ್ದಿ?"

ಕಂಬಳದಲ್ಲಿ ಎಷ್ಟೋ ವಿಭಾಗ ಉಂಟು. ಎಲ್ಲಕ್ಕಿಂತ ಗತ್ತಿನದು ಹಗ್ಗ ಹಿರಿಯ. ವಿನೋದಾ ದಾಂಪತ್ಯದ ಅಷ್ಟೂ ಅನುಭವವನ್ನು ಒಟ್ಟುಗೂಡಿಸಿ, ಕಣ್ಣು ಪಿಳುಕಿಸದೆ ಹೇಳಿದಳು: "ಹಗ್ಗ ಹಿರಿಯ. ಮತ್ತೆ ಯಾವುದು?"

ಚಿನ್ನಯ್ಯ ಎದ್ದು ಕುಳಿತ. ಬಟ್ಟಲಿನ ಒಳಗೆ ಇಣುಕಿದ.

"ಹಗ್ಗ ಹಿರಿಯಕ್ಕೆ ಇಷ್ಟು ಹುರುಳಿ ಎಲ್ಲಿಗೆ ಸಾಕು ಮಾರಾಯ್ತಿ," ಎಂದ.

ರೋಗಿಯಾಗಿ ಅವನು ಯಾವುದಕ್ಕೂ ಒಪ್ಪಿರಲಿಲ್ಲ. ಕೋಣವಾಗಿ ಎಲ್ಲದಕ್ಕೂ ಒಪ್ಪಿದ. ದೀಪದ ಮುಂದೆ ಎದೆ ಸೆಟೆಸಿ ಕೂತ. ಕೊಡೆ ಹಿಡಿದು ಗುಡ್ಡದ ದಾರಿಯಲ್ಲಿ ನಡೆದ. ಮಾತ್ರೆಯನ್ನೂ 'ಓಟದ ಮುಂಚಿನ ಬೆಲ್ಲ' ಎಂದುಕೊಂಡು ಹೊತ್ತಿಗೆ ಸರಿಯಾಗಿ ನುಂಗಿದ. ಕೆಲವು ಬೆಳಿಗ್ಗೆ ಮತ್ತೆ ಒದ್ದೆ ಗೋಣಿಯಂತೆ ಕುಸಿದು ಕೂರುತ್ತಿದ್ದ, ಇಲ್ಲವೆನ್ನುವಂತಿಲ್ಲ. ಅಂಥ ದಿನ ವಿನೋದಾ ಮಾತಾಡದೆ ಪಕ್ಕದಲ್ಲಿ ಕೂತಿರುತ್ತಿದ್ದಳು. ಆದರೆ ಎರಡನೆಯ ವಾರ ಅವನು ತಾನಾಗಿ ಪತ್ರೊಡೆ ಕೇಳಿದ. ವಿನೋದಾ ಒಳಗೆ ಹೋಗಿ, ಕೆಸುವಿನ ಎಲೆ ತೊಳೆಯುವ ನೆಪದಲ್ಲಿ ಸ್ವಲ್ಪ ಹೊತ್ತು ಅತ್ತಳು.

ತೊಂದರೆ ಬಂದದ್ದು ನಿಯಮದಿಂದ. ಚಿನ್ನಯ್ಯ ನಿಯಮ ಬಲ್ಲವನು. ಒಂಟಿ ಕೋಣಕ್ಕೆ ಕಂಬಳ ಇಲ್ಲ. ಜೋಡಿ ಬೇಕೇ ಬೇಕು. ಜೋಡಿಯ ಎರಡೂ ಕೋಣಕ್ಕೆ ಒಂದೇ ಹೊತ್ತಿಗೆ ಒಂದೇ ಉಪಚಾರ. ಹೀಗಾಗಿ ವಿನೋದಾ ಐದು ಗಂಟೆಗೆ ದೀಪದ ಮುಂದೆ ಜೋಡಿಯಾಗಿ ಕೂರಬೇಕು. ಅದಕ್ಕೆ ಮುಂಚೆ ಹುರುಳಿ ಬೇಯಬೇಕು, ಅಂದರೆ ನಾಲ್ಕಕ್ಕೆ ಏಳಬೇಕು. ಗುಡ್ಡ ಹತ್ತಬೇಕು. ಹುರುಳಿ ತಿನ್ನಬೇಕು. (ಅದರ ಪರಿಣಾಮಗಳನ್ನು ಮರ್ಯಾದಸ್ಥರ ಓದಿಗೆ ಬರೆಯುವಂತಿಲ್ಲ.) ಮಧ್ಯಾಹ್ನ ಕಣ್ಣು ಮುಚ್ಚಿದರೆ, "ಜೋಡಿಯಲ್ಲಿ ಒಂದು ಮಲಗಿದ್ರೆ ಇನ್ನೊಂದೂ ಮಲಗ್ತದೆ, ಏಳು," ಎಂದು ಚಿನ್ನಯ್ಯ ಎಬ್ಬಿಸುತ್ತಿದ್ದ. ಅವನು ಮಲಗಿಬಿಟ್ಟಾನೆಂಬ ಹೆದರಿಕೆಗೆ ಅವಳು ಏಳುತ್ತಿದ್ದಳು.

ಮೂರನೆಯ ಆದಿತ್ಯವಾರ ಬಂತು. ಜತ್ತಪ್ಪ ರೋಗಿಯನ್ನು ನೋಡುವ ಪದ್ಧತಿಯಂತೆ ಮೂಸಂಬಿ ಹಿಡಿದುಕೊಂಡು ಬಂದ. ಗುರುವಪ್ಪನೂ ಬಂದ. ಮಿಜಾರಿನಿಂದ ಸುರಕ್ಷಾ ಬಂದಳು. ವಿನೋದಾ ಹೊಸ ಸೀರೆ ಉಟ್ಟಿದ್ದಳು. ಎಲ್ಲರೂ ಹೊಗಳುವಾಗ ತಲೆ ತಗ್ಗಿಸಿ "ನಾನೇನು ಮಾಡಿದೆ, ಎಲ್ಲ ದೇವರ ದಯೆ" ಎನ್ನಬೇಕೆಂದು ಎರಡು ದಿನದಿಂದ ರುಬ್ಬುವ ಕಲ್ಲಿನ ಎದುರು ಅಭ್ಯಾಸ ಮಾಡಿದ್ದಳು.

ಜತ್ತಪ್ಪ ಜಗಲಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಈ ವರ್ಷ ಮೈಕು ಹಿಡಿಯುತ್ತೀಯಾ ಎಂದು ಕೇಳಿದ. ಚಿನ್ನಯ್ಯ ಎದ್ದು ನಿಂತು, ಮೈಕು ಇಲ್ಲದೆಯೇ ಆಚೆ ಮನೆಗೂ ಕೇಳುವ ದನಿಯಲ್ಲಿ ಹೇಳಿದ: "ನನ್ನ ಹೆಸರು ಹಾಕಿ. ಬರ್ತೇನೆ."

ವಿನೋದಾಳ ಎದೆ ತುಂಬಿತು. ದೇವರ ದಯೆ ಎನ್ನಲು ಬಾಯಿ ತೆರೆದಳು. ಬಂದದ್ದು ಆಕಳಿಕೆ. ಸಾಧಾರಣ ಆಕಳಿಕೆಯಲ್ಲ, ಹನ್ನೊಂದು ದಿನದ ಬಾಕಿಯೆಲ್ಲ ಒಟ್ಟಾಗಿ ಬಂದ ವಿಶ್ವರೂಪ ದರ್ಶನ.

ಚಿನ್ನಯ್ಯನ ಮುಖ ಗಂಭೀರವಾಯಿತು. "ಆದರೆ ಒಂದು ವಿಷಯ ಉಂಟು," ಎಂದು ಸಭೆಗೆ ತಿಳಿಸಿದ. "ನನ್ನ ಜೋಡಿಗೆ ಸೌಖ್ಯ ಇಲ್ಲ. ನಾಲ್ಕು ದಿನದಿಂದ ಊಟ ಸೇರುದಿಲ್ಲ. ಕೇಳಿದ್ದಕ್ಕೆಲ್ಲ ಊಹೂಂ. ನಿನ್ನೆ ಕಾಯಿ ತುರಿಯುತ್ತಾ ಹಾಗೇ ಗೋಡೆ ನೋಡ್ತಾ ಕೂತದ್ದನ್ನು ನಾನೇ ಕಂಡಿದ್ದೇನೆ."

ಸುರಕ್ಷಾ, ಡಾಕ್ಟರಮ್ಮ ಹೇಳಿದ ಲಕ್ಷಣಗಳನ್ನು ಬೆರಳಲ್ಲಿ ಎಣಿಸಿ, ಐದರಲ್ಲಿ ನಾಲ್ಕು ಸರಿಹೊಂದುತ್ತವೆ ಎಂದಳು. ಬುಧವಾರಕ್ಕೆ ಹೆಸರು ಬರೆಸಲು ಫೋನು ತೆಗೆದಳು. ಗುರುವಪ್ಪ ಸಮೀಪ ಬಂದು ವಿನೋದಾಳ ಕಣ್ಣನ್ನು ಪರೀಕ್ಷಿಸಿ, ಜೋಡಿಯಲ್ಲಿ ಒಂದು ಚುರುಕಾದರೆ ಇನ್ನೊಂದು ಸೋಲುವುದು ಉಂಟು, ಹುರುಳಿ ಜಾಸ್ತಿ ಮಾಡಬೇಕು ಎಂದು ತೀರ್ಪು ಕೊಟ್ಟ. ಜತ್ತಪ್ಪ ತಾನು ತಂದ ಮೂಸಂಬಿಯನ್ನು ಮೆಲ್ಲಗೆ ಚಿನ್ನಯ್ಯನ ಕಡೆಯಿಂದ ಅವಳ ಕಡೆಗೆ ಸರಿಸಿದ. ಚಿನ್ನಯ್ಯ ಒಳಗಿನಿಂದ ಬಿಳಿ ದೀಪ ತಂದು ಅವಳ ಮುಖಕ್ಕೆ ನೇರ ಹಿಡಿದಿಟ್ಟು, ಎಣ್ಣೆಯ ಬಾಟ್ಲಿ ಬಿಚ್ಚಿ, ಅವಳ ಕಾಲ ಬಳಿ ಕೂತ.

"ಹೆದರ್ಬೇಡ," ಎಂದ, ಬಹಳ ಮೃದುವಾಗಿ. "ನಾನಿದ್ದೇನೆ. ಕಾಲೆತ್ತು."

ಮೂರು ತಲೆಮಾರು ಕೊಟ್ಟ ಮದ್ದೆಲ್ಲ ಒಂದೇ ಸಲ ತನ್ನ ಕಡೆಗೆ ಬರುತ್ತಿರುವಂತೆ ಕಂಡು ವಿನೋದಾ ಎದ್ದುಬಿಟ್ಟಳು. ದೀಪದ ಸ್ವಿಚ್ಚು ಆರಿಸಿದಳು. ಮಲಗುವ ಕೋಣೆಯ ಬಾಗಿಲಿಗೆ ಹೋಗಿ, ಎರಡೂ ಕೈ ದಾರಂದಕ್ಕೆ ಊರಿ, ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದಳು.

"ನನಗೆ ಬಂದದ್ದು ಬೇಜಾರಲ್ಲ, ನಿದ್ದೆ," ಎಂದಳು. "ಎಣ್ಣೆ ಬೇಡ, ಹುರುಳಿ ಬೇಡ, ಬುಧವಾರವೂ ಬೇಡ. ನನ್ನನ್ನು ಗುಣ ಮಾಡ್ಲಿಕ್ಕೆ ಯಾರೂ ಬರ್ಬೇಡಿ. ನಾಳೆ ಮಧ್ಯಾಹ್ನದವರೆಗೆ ಈ ಹೊಸಿಲು ದಾಟಿದವರು ಗಂಡನಾಗ್ಲಿ, ಮಗಳಾಗ್ಲಿ, ಅಧ್ಯಕ್ಷರಾಗ್ಲಿ, ನಾನು ಹಾಯ್ತೇನೆ."