ಅಡ್ಡಿಲ್ಲೆ ಎಂದ ಸರ್ವರ್

ವಧು-ವರರ ವೆಬ್‌ಸೈಟಿನ ಕಂಪ್ಯೂಟರುಗಳನ್ನು ಕಾಯುವ ನನಗೆ ನಗು ಬರದ ವಾರವಿಲ್ಲ. ನಗಬಾರದ ಹೊತ್ತಿನಲ್ಲೇ ಅದು ಬರುತ್ತದೆ ಎನ್ನುವುದು ಬೇರೆ ಮಾತು. ಶಿರಸಿ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮೇಲೆ ನಮ್ಮ ಕಚೇರಿ.

ಕೂಸೇ ಇಲ್ಲೆ

ಕೆಲಸಕ್ಕೆ ಸೇರಿದ ದಿನ ಯಜಮಾನರು ನಿಟ್ಟುಸಿರು ಬಿಟ್ಟರು. "ಮಾಣಿಗಳು ರಾಶಿ ಇದ್ದ ತಂಗಿ, ಕೂಸೇ ಇಲ್ಲೆ."

ನಾನು ಬನವಾಸಿ ಕಡೆಯವಳು. ನಮ್ಮಲ್ಲಿ ಕೂಸೆಂದರೆ ತೊಟ್ಟಿಲಲ್ಲಿರುವುದು; ಇಲ್ಲಿ ಮದುವೆಯ ಹುಡುಗಿ ಎಂದು ಆಗ ಗೊತ್ತಿರಲಿಲ್ಲ. ಮಕ್ಕಳಿಲ್ಲದವರು ಎಂದುಕೊಂಡು ಮರುಗಿದೆ. "ಬ್ಯಾಸರಾ ಮಾಡ್ಕೋಬ್ಯಾಡ್ರಿ, ದೇವರು ಕೊಡ್ತಾನ್ರಿ" ಎಂದೆ.

"ದೇವ್ರು ಕೊಟ್ರೆ ಸಾಕಾಗ್ತಿಲ್ಲೆ. ಕೂಸಿನ ಅಪ್ಪನೂ ಕೊಡಕು" ಎಂದರು.

ಪಂಕ್ತಿ

ಹೊಸ ಹುಡುಗಿಯೊಬ್ಬಳ ಫೋಟೊ ಬಂತೆಂದರೆ ಸಿದ್ದಾಪುರದಿಂದ ಯಲ್ಲಾಪುರದವರೆಗಿನ ವರಗಳೆಲ್ಲ ಒಟ್ಟಿಗೆ ನುಗ್ಗುತ್ತಿದ್ದರು. ಇದ್ದದ್ದು ಒಂದೇ ಸರ್ವರ್. ಅದು ಮಲಗುತ್ತಿತ್ತು. ಯಜಮಾನರು ಒಮ್ಮೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಇನ್ನೊಂದ್ ಸಲ ಎಡವಟ್ಟಾದ್ರೆ ನೀ ಬನವಾಸಿ ಬಸ್ ಹತ್ತು."

ನನಗೆ ಕೆಲಸ ಬೇಕಿತ್ತು. ಇನ್ನೆರಡು ಸರ್ವರ್ ಬೇಕು ಎಂದೆ.

"ಸರ್ವರ್ ಎಂತಕೆ? ಇಲ್ಲಿ ಊಟ ಇಲ್ಲೆ, ತಿಂಡಿ ಇಲ್ಲೆ."

ಊಟದಿಂದಲೇ ಹೇಳಿದೆ. ದೊಡ್ಡ ಪಂಕ್ತಿಗೆ ಒಬ್ಬನೇ ಬಡಿಸಿದರೆ ಸೊಂಟ ಹೋಗುತ್ತದೆ. ಮೂವರಿರಬೇಕು. ಯಾರು ಯಾವ ಸಾಲಿಗೆ ಎಂದು ಹಂಚಲು ಮುಂದೊಬ್ಬ ನಿಲ್ಲಬೇಕು, ಅವನೇ ಲೋಡ್ ಬ್ಯಾಲೆನ್ಸರ್. ಕರೆಯದೆ ಬಂದವರನ್ನು ಬಾಗಿಲಲ್ಲೇ ತಡೆಯುವವನು ಫೈರ್‌ವಾಲ್.

ಅವರಿಗೆ ಚೆನ್ನಾಗಿಯೇ ಅರ್ಥವಾಯಿತು, ಸರ್ವರ್ ತರಿಸಲೂ ಒಪ್ಪಿದರು. "ಬಡ್ಸಲೆ ಜನ ಆತು, ಪಂಕ್ತಿಯೂ ತುಂಬಿದ್ದು. ಅನ್ನ ಎಲ್ಲಿದ್ದು?"

ಹೆಣ್ಣುಮಕ್ಕಳನ್ನು ಅನ್ನ ಎನ್ನುವುದೇ ಎಂದು ಕಣ್ಣು ಕೆಕ್ಕರಿಸಿದೆ. ಗಾಬರಿಬಿದ್ದು "ಪಾಯಸ" ಎಂದು ತಿದ್ದಿಕೊಂಡರು.

ದಾಳಿ

ಕಾನಸೂರಿನ ಹಿರಿಯರೊಬ್ಬರು ಮಗನ ಪರವಾಗಿ ಒಂದೇ ಹುಡುಗಿಯ ಪುಟವನ್ನು ಬೆಳಗಿನಿಂದ ಒತ್ತಿದ್ದೇ ಒತ್ತಿದ್ದು. ಯಾರೋ ದಾಳಿಗೆ ಬಂದರೆಂದು ಫೈರ್‌ವಾಲ್ ಅವರನ್ನು ಹೊರಗೆ ಹಾಕಿತು. ಅವರು ನೇರ ಕಚೇರಿಗೇ ಬಂದರು.

"ನೀವು ದಾಳಿ ಮಾಡಾಕತ್ತೀರಿ ಅಂತ ತಿಳ್ಕೊಂಡೈತ್ರಿ" ಎಂದೆ.

"ದಾಳಿ ಅಲ್ದೇ ತಂಗಿ, ನೆಂಟಸ್ತಿಕೆ!"

ಪಾಪ ಎನಿಸಿ ಒಳಗೆ ಬಿಟ್ಟೆ. ಹೊರಟವರು ಮೆಟ್ಟಿಲಲ್ಲಿ ತಿರುಗಿ ನಿಂತರು. "ನಿಂದು ಮದುವೆ ಆಯ್ದಾ? ಜಾತಕ ಇದ್ದಾ?"

ಫೈರ್‌ವಾಲನ್ನು ಸರ್ವರ್ ಮುಂದಲ್ಲ, ನನ್ನ ಮೇಜಿನ ಮುಂದೆ ಹಾಕಬೇಕಿತ್ತು.

ಅಡ್ಡಿಲ್ಲೆ

ಲೋಡ್ ಬ್ಯಾಲೆನ್ಸರ್ ಆಗಾಗ ಪ್ರತಿ ಸರ್ವರನ್ನೂ 'ಹುಷಾರಿದ್ದೀಯಾ?' ಎಂದು ಕೇಳುತ್ತದೆ. ಸರ್ವರ್ ಒಂದು ಮಾತಿನ ಉತ್ತರ ಕೊಟ್ಟರೆ ಸಾಕು, ಜನರನ್ನು ಅದರ ಕಡೆ ಕಳಿಸುತ್ತದೆ. ಉಳಿದ ಕಡೆ 'ಓಕೆ' ಎಂದಿಡುತ್ತಾರೆ. ನಾನು ಕಿಡಿಗೇಡಿತನಕ್ಕೆ ಇಲ್ಲಿಯ ಮಾತಿನಲ್ಲಿ 'ಅಡ್ಡಿಲ್ಲೆ', ಅಂದರೆ ಪರವಾಗಿಲ್ಲ, ಎಂದಿಟ್ಟೆ. ಈ ಊರಲ್ಲಿ ಹೋಳಿಗೆ ಹೇಗಿದೆ ಎಂದರೂ ಅಡ್ಡಿಲ್ಲೆ, ಜ್ವರ ಇಳಿಯಿತೇ ಎಂದರೂ ಅಡ್ಡಿಲ್ಲೆ. ಸಂಬಂಧ ಒಪ್ಪಿಗೆಯೇ ಎಂದರೂ ಅದೇ. ಈ ಕೊನೆಯದು ನನಗೆ ಹೊಳೆಯಲೇ ಇಲ್ಲ.

ಯಲ್ಲಾಪುರದ ಹತ್ತಿರ ಮಾಗೋಡಿನ ಕಡೆಯ ಹುಡುಗಿ, ಕಾಲೇಜಿನಲ್ಲಿ ಪಾಠ ಹೇಳುವವಳು, ಸೈಟಿಗೆ ಬಂದಳು. ವರಗಳು ನುಗ್ಗಿದರು. ಅವಸರದಲ್ಲಿ ಬ್ಯಾಲೆನ್ಸರಿನ ಒಂದು ಸಾಲು ತಪ್ಪು ಬರೆದೆ. ಅಲ್ಲಿಂದ ಯಾರು ಏನು ಒತ್ತಿದರೂ ತೆರೆದುಕೊಂಡದ್ದು ಆ ಹುಷಾರು ಕೇಳುವ ಪುಟವೇ. 'ಹುಡುಗಿಯ ಉತ್ತರ ನೋಡಿ' ಎಂಬ ಗುಂಡಿ ಒತ್ತಿದವರಿಗೆಲ್ಲ ಬಿಳಿ ಹಾಳೆಯ ಮೇಲೆ ಒಂದೇ ಮಾತು: ಅಡ್ಡಿಲ್ಲೆ.

ಸೈಟು ಮಲಗಲಿಲ್ಲ ಎಂದು ನಾನು ಬೀಗುತ್ತಿದ್ದೆ. ಮರುದಿನ ಬೆಳಗ್ಗೆ ಹುಡುಗಿಯ ಅಪ್ಪನ ಫೋನು. "ತಂಗೀ, ಎಮ್ಮನೆ ಅಂಗಳದಲ್ಲಿ ಜೀಪು ನಿಲ್ಸಲೆ ಜಾಗ ಇಲ್ಲೆ!"

ಹುಡುಗಿ ಒಪ್ಪಿದಳೆಂದು ವರಗಳೆಲ್ಲ ಅಲ್ಲಿಗೆ ಬಂದಿಳಿದಿದ್ದರು. ಕೆಲಸ ಹೋಯಿತು ಎಂದುಕೊಂಡೇ ಯಲ್ಲಾಪುರದ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಬಾಗಿಲಲ್ಲಿ ಹುಡುಗಿಯೇ ನಿಂತು, ಒಂದು ಗುಂಪನ್ನು ಜಗಲಿಗೆ, ಒಂದನ್ನು ಚಪ್ಪರಕ್ಕೆ, ಒಂದನ್ನು ಮಾಳಿಗೆಗೆ ಹಂಚುತ್ತಿದ್ದಳು. ನನ್ನ ಯಂತ್ರಕ್ಕಿಂತ ಚೆನ್ನಾಗಿ ಹಂಚುತ್ತಿದ್ದಳು, ಹೊಟ್ಟೆಕಿಚ್ಚಾಯಿತು. ನಡೆದದ್ದನ್ನು ಅವಳಿಗೆ ತೊದಲುತ್ತ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕು, ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದಳು.

"ಆನು ಅಡ್ಡಿಲ್ಲೆ ಹೇಳಿದ್ನಿಲ್ಲೆ. ಹೇಳಿದ್ದು ಶಿರಸಿಯ ಸರ್ವರ್. ನಿಂಗಳ ಮಾಣಿಗಳನ್ನ ಅದಕ್ಕೇ ಧಾರೆ ಎರೆದು ಕೊಡಿ. ಈಗ ಕಾಪಿ ಕುಡ್ಕಂಡು ಹೊರಡಿ."

ಎಲ್ಲರೂ ಪೆಚ್ಚಾಗಿ ಎದ್ದರು. ಜಗಲಿಯ ಮೂಲೆಯಲ್ಲಿ ಒಬ್ಬರು ಮಾತ್ರ ಹೊಸ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತೇ ಇದ್ದರು. ಪಕ್ಕದಲ್ಲಿ ಇಸ್ತ್ರಿ ಅಂಗಿಯ ಮಗ. ಶಾಲು ಜಾರಿತು. ನಮ್ಮ ಯಜಮಾನರು!

ಮರುದಿನ ಕಚೇರಿಯಲ್ಲಿ ಅವರು ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ. ಚೀಲ ಹಿಡಿದುಕೊಂಡೇ ಕೇಳಿದೆ. "ನಾ ಕೆಲಸಕ್ಕ ಕುಂದರ್ಲೇನ್ರಿ?"

ಪೇಪರಿನ ಹಿಂದಿನಿಂದ ಸಣ್ಣ ದನಿ ಬಂತು.

"ಅಡ್ಡಿಲ್ಲೆ."