ಪಾವಾಗಢದ ಇಳಿಜಾರು, ಬಾಟ್ಲಿಯ ಸಾರು

ಭಾಷೆ ಬಾರದ ಊರಿನಲ್ಲಿ ಸೈಕಲ್ ತುಳಿಯುವವನಿಗೆ ಎರಡು ಕಡೆಯಿಂದ ಅಪಾಯ. ಒಂದು ಬ್ರೇಕು, ಇನ್ನೊಂದು ಬಾಯಿ. ಬೇಕಾದ ಹೊತ್ತಿಗೆ ಎರಡೂ ಕೈಕೊಡುತ್ತವೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ನಾನು ಬರೋಡಾಕ್ಕೆ ಹೋದಾಗ ನನಗೆ ಬರುತ್ತಿದ್ದದ್ದು ಕನ್ನಡ, ಅರ್ಧಂಬರ್ಧ ಇಂಗ್ಲಿಷು, ರೇಡಿಯೋ ಕೇಳಿ ಕಲಿತ ಹಿಂದಿ. ಜೊತೆಗೆ ಒಂದು ಚಾಳಿ, ಏನು ಕಂಡರೂ ಯಾಕೆ, ಹೇಗೆ ಅಂತ ಕೇಳುವುದು. "ನಿನಗೆ ಕುತೂಹಲ ಜಾಸ್ತಿ, ಬುದ್ಧಿ ಕಮ್ಮಿ" ಅಂತ ನಮ್ಮಮ್ಮ ಹೇಳುತ್ತಿದ್ದಳು. ಬರೋಡಾದಲ್ಲಿ ಅದಕ್ಕೆ ವಾರಕ್ಕೊಂದು ಪುರಾವೆ ಸಿಗುತ್ತಿತ್ತು.

೧. ಸಾರು ಛೆ?

ಫತೇಗಂಜಿನಲ್ಲಿ ರೂಮು ಹಿಡಿದೆ. ಪಕ್ಕದ ಅಂಗಡಿಯಲ್ಲಿ ಒಂದು ಹಳೇ ಸೈಕಲ್ ಮಾರಾಟಕ್ಕಿತ್ತು. ಅಂಗಡಿಯವನು ಒಂದು ಸುತ್ತು ಹೊಡೆದು ನೋಡಿ ಅಂತ ಸನ್ನೆ ಮಾಡಿದ. ಹತ್ತಿ ಹೊರಟೆ. ಹಿಂದಿನಿಂದ ಅವನು ಕೂಗಿದ, "ಸಾರು ಛೆ?"

ನನಗೆ ಆಶ್ಚರ್ಯ. ನಾನು ಕನ್ನಡದವನು ಅಂತ ಇವನಿಗೆ ಹೇಗೆ ಗೊತ್ತಾಯಿತು? ಗೊತ್ತಾದರೂ ಸೈಕಲ್ ವ್ಯಾಪಾರದ ನಡುವೆ ಸಾರಿನ ವಿಚಾರ ಯಾಕೆ? ಛೆ ಅಂದರೆ ಇದೆ ಅನ್ನುವಷ್ಟು ಗುಜರಾತಿ ಮಾತ್ರ ಗೊತ್ತಿತ್ತು. ಕೇಳಿದವನಿಗೆ ಇಲ್ಲ ಅನ್ನಬಾರದು ಅಂತ ತಿರುವಿನಲ್ಲಿದ್ದ ಉಡುಪಿ ಹೋಟೆಲಿನ ಕಡೆ ಕೈತೋರಿಸಿ "ಅಲ್ಲಿ ಛೆ" ಅಂದೆ. ಅವನು ಹೋಟೆಲನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ "ಸಾರು ಛೆ?" ಅಂದ. ಪಾಪ, ಎಷ್ಟು ಹಸಿದಿದ್ದಾನೋ ಅಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಹೋದಾಗ ಹೋಟೆಲಿನ ಯಜಮಾನರಿಗೆ ಇದನ್ನು ಹೇಳಿದೆ. ಅವರು ಗಲ್ಲಾಪೆಟ್ಟಿಗೆ ಬಡಿದು ನಕ್ಕರು. ಇಲ್ಲಿ ಸಾರು ಅಂದರೆ ಚೆನ್ನಾಗಿದೆ ಅಂತ ಅರ್ಥವಂತೆ. ಸೈಕಲ್ ಚೆನ್ನಾಗಿದೆಯಾ ಅಂತ ಅವನು ಕೇಳಿದ್ದಂತೆ. ಆಮೇಲೆ ದನಿ ತಗ್ಗಿಸಿ ತಮ್ಮ ಕಥೆ ಹೇಳಿದರು.

"ನಾನು ಬಂದ ಹೊಸತರಲ್ಲಿ ಸಾಂಬಾರು ತಿಂದವರೆಲ್ಲ ಸಾರು, ಸಾರು ಅಂತಿದ್ದರು ಮಾರಾಯ್ರೆ. ನೀರಾಯ್ತು ಅಂತ ದೂರುವುದು ಅಂದುಕೊಂಡು ಆರು ತಿಂಗಳು ಬೇಳೆ ಜಾಸ್ತಿ ಮಾಡುತ್ತಾ ಹೋದೆ. ಕಡೆಗೆ ಸಾಂಬಾರು ಸೌಟಿನಿಂದ ಕೆಳಗೆ ಬೀಳಲೇ ಇಲ್ಲ. ಆಗಲೂ ಸಾರು ಅಂದರು."

೨. ಪರ್ಮಿಟ್

ನಮ್ಮ ಮ್ಯಾನೇಜರ್ ಸಾಹೇಬರು ಗುಜರಾತಿನವರೇ, ಮಹಾ ದೈವಭಕ್ತರು. ಬೀಡಿ, ಕುಡಿತ ಅಂದರೆ ಅವರಿಗೆ ಮೈಯೆಲ್ಲ ಉರಿ. ನನ್ನ ಪ್ರೊಬೇಷನ್ ಮುಗಿಯುತ್ತಾ ಬಂದಿತ್ತು. ನನ್ನನ್ನು ಖಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಅಂತ ವರದಿ ಬರೆಯುವವರು ಇವರೇ. ಆ ವರದಿಯಲ್ಲಿ 'ಅಭ್ಯಾಸಗಳು' ಅಂತ ಒಂದು ಕಾಲಂ ಇದೆ, ಎಷ್ಟೋ ಹುಡುಗರು ಅದರಲ್ಲೇ ಮುಳುಗಿದ್ದಾರೆ ಅಂತ ನಮ್ಮ ಹೆಡ್ ಕ್ಯಾಷಿಯರ್ ಎಚ್ಚರಿಸಿದ್ದರು. ನನಗೋ ಭಯ. ಮಗನಿಗೆ ಬ್ಯಾಂಕಿನ ಕೆಲಸ ಅಂತ ನಮ್ಮಪ್ಪ ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದರು. ಕೆಲಸ ಹೋದರೆ ಮುಖ ಎತ್ತಿಕೊಂಡು ಊರಿಗೆ ಹೋಗುವ ಹಾಗಿರಲಿಲ್ಲ.

ಈ ಹೆಡ್ ಕ್ಯಾಷಿಯರ್ ಐವತ್ತು ದಾಟಿದ ಮನುಷ್ಯ, ಆದರೆ ಭಾನುವಾರ ಬಂದರೆ ಸೈಕಲ್ ಹತ್ತಿ ಊರೂರು ಸುತ್ತುವವರು. ಸೂರತ್ತಿನ ಅಡಾಜಣ್‌ನಲ್ಲಿದ್ದ ಮಗಳ ಮನೆಗೂ ಸೈಕಲ್ಲಿನಲ್ಲೇ ಹೋಗಿ ಬಂದವರು. ನನಗೂ ಆ ಹುಚ್ಚು ಹತ್ತಿಸಿದ್ದರು.

ಒಂದು ದಿನ ಸಾಹೇಬರು ಕ್ಯಾಬಿನ್ನಿಗೆ ಕರೆದು, ಪರ್ಮಿಟ್ ಇದೆಯಾ ಅಂತ ಕೇಳಿದರು. ಆಗ ಸೈಕಲ್ಲಿಗೆ ಮುನಿಸಿಪಾಲಿಟಿಯ ಬಿಲ್ಲೆ ಹಾಕಿಸಬೇಕಿತ್ತು. ಅದನ್ನೇ ಕೇಳುತ್ತಿದ್ದಾರೆ ಅಂದುಕೊಂಡು ಹೆಮ್ಮೆಯಿಂದ ಹೇಳಿದೆ, "ಇದೆ ಸಾರ್. ಬಂದ ವಾರವೇ ಮಾಡಿಸಿದೆ. ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರಂತಲ್ಲ."

ಅವರು ಕನ್ನಡಕ ತೆಗೆದರು. "ದಿನಾ ಇದೆಯೇನು?"

"ದಿನಾ ಬೆಳಿಗ್ಗೆ, ಸಂಜೆ. ಭಾನುವಾರವಾದರೆ ಇಡೀ ದಿನ."

"ಒಬ್ಬನೇ?"

"ಇಲ್ಲ ಸಾರ್, ಹೆಡ್ ಕ್ಯಾಷಿಯರ್ ಜೊತೆಗಿರುತ್ತಾರೆ. ನನಗೆ ಅಭ್ಯಾಸ ಮಾಡಿಸಿದ್ದೇ ಅವರು."

ಹೊರಗೆ ಬಂದು ಇದನ್ನು ಹೆಡ್ ಕ್ಯಾಷಿಯರ್‌ಗೆ ಹೇಳಿದರೆ ಅವರ ಮುಖ ಬಿಳಿಚಿಕೊಂಡಿತು. ಗುಜರಾತಿನಲ್ಲಿ ಪಾನನಿಷೇಧ. ಹೊರರಾಜ್ಯದಿಂದ ಬಂದವರು ಸರ್ಕಾರದ ಪರವಾನಗಿ ಪಡೆದು ಕುಡಿಯಬಹುದಿತ್ತು. ಇಲ್ಲಿ ಪರ್ಮಿಟ್ ಅಂದರೆ ಅದೊಂದೇ. ನಾನು ಓಡಿಹೋಗಿ ಸಾಹೇಬರಿಗೆ ಸೈಕಲ್ ಬಿಲ್ಲೆಯ ವಿಷಯ ವಿವರಿಸಿದೆ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಸೈಕಲ್ಲೇ ಹತ್ತುತ್ತಾರೆ ಅನ್ನುವ ಹಾಗೆ ನೋಡಿ, "ಇರಲಿ. ತಿಂಗಳ ಕೊನೆಯವರೆಗೂ ನೋಡುತ್ತೇನೆ" ಅಂದರು.

ಹೆಡ್ ಕ್ಯಾಷಿಯರ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಹೇಳಿದ್ದು ಒಂದೇ ಮಾತು: "ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ನಾನು ಚಹಾ ಕೂಡ ಕುಡಿದವನಲ್ಲ."

೩. ಮಜ್ಜಿಗೆಯಲ್ಲಿ ಟ್ಯೂಬು

ಕೋಪ ಇಳಿದ ಮೇಲೆ ಅವರೇ, ಭಾನುವಾರ ಪಾವಾಗಢಕ್ಕೆ ಹೋಗೋಣ, ದೇವಿಗೆ ಕೈಮುಗಿದರೆ ಎಲ್ಲ ಸರಿಹೋಗುತ್ತದೆ ಅಂದರು. ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಹೆಸರಿನ ಹಾಗೇ ಕೇಳಿಸಿ, ನಮ್ಮ ಕಡೆಯದೇ ಏನೋ ಅನ್ನಿಸಿ ಒಪ್ಪಿಬಿಟ್ಟೆ. ಆಮೇಲೆ ವಿಚಾರಿಸಿದರೆ ಐವತ್ತು ಕಿಲೋಮೀಟರ್ ರಸ್ತೆ, ಕೊನೆಗೆ ನೆಟ್ಟಗಿನ ಬೆಟ್ಟ. ಕರ್ನಾಟಕದವನಲ್ಲವೇ, ಬೆಟ್ಟ ನಿನಗೆ ಹೊಸದಲ್ಲ ಅಂತ ಅವರು ಧೈರ್ಯ ಹೇಳಿದರು. ನಮ್ಮೂರು ಮಂಡ್ಯದ ಹತ್ತಿರ, ಅಲ್ಲಿ ಎತ್ತರದ ಜಾಗ ಅಂದರೆ ಕಾಲುವೆ ಏರಿ ಅಂತ ಹೇಳಲು ಮನಸ್ಸಾಗಲಿಲ್ಲ.

ಹೊರಡುವಾಗ ಹೋಟೆಲಿನ ಯಜಮಾನರು ಖಾಲಿ ಶರಬತ್ತಿನ ಬಾಟ್ಲಿಯೊಂದರಲ್ಲಿ ತಿಳಿಸಾರು ತುಂಬಿ ಬಿರಡೆ ಹಾಕಿ ಕೊಟ್ಟರು. ಬೆಟ್ಟ ಹತ್ತಿದ ಸುಸ್ತಿಗೆ ಇದಕ್ಕಿಂತ ಮದ್ದಿಲ್ಲವಂತೆ. ಅದನ್ನು ಚೀಲಕ್ಕೆ ಹಾಕಿ ಹ್ಯಾಂಡಲ್ಲಿಗೆ ನೇತುಹಾಕಿದೆ.

ಅರ್ಧ ದಾರಿಯಲ್ಲಿ ನನ್ನ ಹಿಂದಿನ ಚಕ್ರ ಪಂಕ್ಚರ್. ಹೆಡ್ ಕ್ಯಾಷಿಯರ್ ಟ್ಯೂಬು ಹೊರಗೆಳೆದು, ತೂತು ಹುಡುಕಲು ಅಗಲ ಪಾತ್ರೆಯಲ್ಲಿ ನೀರು ತಾ ಅಂದರು. ರಸ್ತೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಬಿಸಿಲಲ್ಲಿ ಬಂದ ಮಕ್ಕಳಿಗೆ ಬರೀ ನೀರು ಕೊಡುವುದೇ ಅಂತ ಅಜ್ಜಿ ಪಾತ್ರೆ ತುಂಬಾ ಮಜ್ಜಿಗೆ ತಂದಿಟ್ಟಳು. ಹೆಡ್ ಕ್ಯಾಷಿಯರ್ ಟ್ಯೂಬಿನ ಕಡೆಯೇ ಗಮನವಿಟ್ಟು, ಪಾತ್ರೆಯೊಳಗೆ ನೋಡದೆ ಅದರಲ್ಲಿ ಅದ್ದಿ ಹಿಂದೆ ಮುಂದೆ ಎಳೆಯತೊಡಗಿದರು. ಬುಳುಬುಳು ಅಂತ ಗುಳ್ಳೆ ಬಂತು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಶಾಂತವಾಗಿ, "ಬೆಣ್ಣೆ ಬಂದರೆ ನನಗೆ ಕೊಟ್ಟು ಹೋಗಿ" ಅಂದಳು.

೪. ಹತ್ತು, ಹತ್ತು

ಬೆಟ್ಟದ ಅರ್ಧದವರೆಗೆ, ಮಾಚಿ ಅನ್ನುವ ಜಾಗದ ತನಕ ರಸ್ತೆಯಿದೆ. ಅಲ್ಲಿಂದ ಮೇಲೆ ಮೆಟ್ಟಿಲು. ಮೊದಲ ತಿರುವಿನಲ್ಲೇ ನನ್ನ ತೊಡೆ ನಡುಗಿತು. ಸೀಟಿನಿಂದ ಎದ್ದು ನಿಂತು ತುಳಿಯುತ್ತಾ, ನನಗೆ ನಾನೇ "ಹತ್ತು, ಹತ್ತು" ಅಂತ ಜೋರಾಗಿ ಹೇಳಿಕೊಂಡೆ.

ನಡೆದು ಹೋಗುತ್ತಿದ್ದ ಯಾತ್ರಿಕರು ಎರಡೂ ಬದಿಗೆ ಸರಿದು ನಿಂತರು. ಎಷ್ಟು ಮರ್ಯಾದಸ್ಥ ಜನ ಅನ್ನಿಸಿತು. ಇನ್ನೂ ಹುರುಪು ಬಂದು ಇನ್ನೂ ಜೋರಾಗಿ ಹೇಳಿದೆ. ಹೆಂಗಸರು ಮಕ್ಕಳನ್ನು ಎಳೆದುಕೊಂಡರು. ಒಬ್ಬ ಮುದುಕರು ಮಾತ್ರ ಊರುಗೋಲು ಎತ್ತಿ, ದೇವಿ ಎಲ್ಲೂ ಓಡಿಹೋಗುವುದಿಲ್ಲ, ನಿಧಾನ ಬಾ ಅಂತ ಗದರಿದರು.

ಮಾಚಿ ಮುಟ್ಟಿದ ಮೇಲೆ ಗೊತ್ತಾಯಿತು, ಅವರಿಗೆಲ್ಲ ಕೇಳಿಸಿದ್ದು "ಹಟೋ, ಹಟೋ", ಅಂದರೆ ಸರೀರಿ, ಸರೀರಿ ಅಂತ. ಹೆಡ್ ಕ್ಯಾಷಿಯರ್ ಹಿಂದಿನಿಂದ ಪ್ರತಿಯೊಬ್ಬರ ಕ್ಷಮೆ ಕೇಳುತ್ತಾ ಬಂದಿದ್ದರು. ಮೆಟ್ಟಿಲು ಹತ್ತಿ ಗುಡಿಯ ಮುಂದೆ ನಿಂತಾಗ ಕಣ್ಣುಮುಚ್ಚಿ ಕೈಮುಗಿದರು. ದೇವಿಯನ್ನು ಏನು ಬೇಡಿಕೊಂಡಿರಿ ಅಂದರೆ, "ನಿನ್ನ ಪರವಾಗಿ ಕ್ಷಮೆ ಕೇಳಿ ಕೇಳಿ ಬಾಯಿ ನೋವು, ಅವಳಿಗೆ ಬರೀ ನಮಸ್ಕಾರ ಹಾಕಿದೆ" ಅಂದರು.

೫. ದಾರಿ ಬಿಡಿ

ಮತ್ತೆ ಮಾಚಿಗೆ ಬಂದು ಊಟ ಮಾಡಿ ಅರ್ಧ ಬಾಟ್ಲಿ ಸಾರು ಕುಡಿದೆ. ಇನ್ನರ್ಧ ಚೀಲದಲ್ಲಿ ಉಳಿಯಿತು. ಇಳಿಯಲು ಹೊರಟೆವು. ಹೆಡ್ ಕ್ಯಾಷಿಯರ್ ಜಾಣರು, ತಳ್ಳಿಕೊಂಡು ಇಳಿದರು. ಇಷ್ಟು ಕಷ್ಟಪಟ್ಟು ಹತ್ತಿದ ಮೇಲೆ ಇಳಿಜಾರಿನ ಸುಖ ಹೇಗಿರುತ್ತದೆ ನೋಡೋಣ ಅಂತ ನಾನು ಸೈಕಲ್ ಹತ್ತಿದೆ. ಎರಡನೇ ತಿರುವಿಗೆ ಸುಟ್ಟ ರಬ್ಬರಿನ ವಾಸನೆ ಬಂತು. ಮೂರನೇ ತಿರುವಿಗೆ ಬ್ರೇಕೇ ಇರಲಿಲ್ಲ.

ಮುಂದೆ ರಸ್ತೆ ತುಂಬಾ ಜನ. ಪ್ರಾಣ ಹೋಗುವಾಗ ಹಿಂದಿ ಎಲ್ಲಿ ನೆನಪಾಗುತ್ತದೆ? ಹೊಟ್ಟೆಯೊಳಗಿನ ಕನ್ನಡವೇ ಹೊರಗೆ ಬಂತು. "ದಾರಿ ಬಿಡಿ! ದಾರಿ ಬಿಡಿ!" ಅಂತ ಕೂಗುತ್ತಾ ಇಳಿದೆ.

ಹತ್ತುವಾಗ ಸರಿದವರು ಈಗ ಸರಿಯಲಿಲ್ಲ. ಕಣ್ಣರಳಿಸಿ ನೋಡಿದರು. ಕೆಲವರು ಬೈದರು. ನಾಲ್ಕೈದು ಗಂಡಸರಂತೂ ನನ್ನ ಹಿಂದೆಯೇ ಓಡಿಬಂದರು. ಕೊನೆಗೆ ಬೆಟ್ಟದ ಬುಡದಲ್ಲಿ, ರಸ್ತೆ ರಿಪೇರಿಗೆ ಸುರಿದಿದ್ದ ಮರಳಿನ ರಾಶಿಗೆ ನುಗ್ಗಿ ನಿಂತೆ. ಮೈಗೇನೂ ಆಗಲಿಲ್ಲ. ಓಡಿಬಂದವರು ಕೈಹಿಡಿದು ಎಬ್ಬಿಸಿದರು. ಅವರಲ್ಲಿ ಒಬ್ಬ ಕಿವಿಯ ಹತ್ತಿರ ಬಾಯಿ ತಂದು, "ಭಾವ ಎಷ್ಟು?" ಅಂದ. ಭಾವ ಅಂದರೆ ಅಲ್ಲಿ ಬೆಲೆ. ಯಾವುದರ ಭಾವ ಅಂತ ಕೇಳಿದೆ. ನೀನೇ ಕೂಗಿದೆಯಲ್ಲ, ದಾರು, ಬೀಡಿ, ದಾರು, ಬೀಡಿ ಅಂತ, ಅಂದ. ದಾರು ಅಂದರೆ ಹೆಂಡ.

ಅಷ್ಟರಲ್ಲಿ ಪೊಲೀಸ್ ಪೇದೆ ಬಂದ. ಅವನ ಹಿಂದೆ, ಬಸ್ಸಿಗಾಗಿ ಕಾಯುತ್ತಿದ್ದ ಗುಂಪಿನೊಳಗಿಂದ, ಹಣೆಗೆ ಕುಂಕುಮವಿಟ್ಟುಕೊಂಡು ನಮ್ಮ ಮ್ಯಾನೇಜರ್ ಸಾಹೇಬರು ಬಂದರು. ಅವರೂ ದರ್ಶನಕ್ಕೆ ಬಂದಿದ್ದರು. ಬೆಟ್ಟದಿಂದ ಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಪೇದೆ ಚೀಲದಿಂದ ಬಾಟ್ಲಿ ಎಳೆದ. ಒಳಗೆ ಕೆಂಪಗಿನ ನೀರು. ಇದೇನು ಅಂದ.

"ಸಾರು" ಅಂದೆ.

ಒಳ್ಳೆಯದೋ ಕೆಟ್ಟದೋ ನಾನು ನೋಡಿಕೊಳ್ಳುತ್ತೇನೆ, ಇದು ಏನು ಅದು ಹೇಳು ಅಂದ. ಮತ್ತೆ ಸಾರು ಅಂದೆ. ಸಾರಿಗೆ ಗುಜರಾತಿಯಲ್ಲಿ ಏನನ್ನುತ್ತಾರೋ ನನಗೆ ಇವತ್ತಿಗೂ ತಿಳಿಯದು. ಕಡೆಗೆ ಕಷ್ಟಪಟ್ಟು, ಬೇಳೆಯಿಂದ ಮಾಡಿದ ನೀರು ಅಂತ ವಿವರಿಸಿದೆ. ಪೇದೆ ತಲೆಯಾಡಿಸಿದ. ಬೆಲ್ಲದಿಂದ ಮಾಡುತ್ತಾರೆ, ಹಿಪ್ಪೆ ಹೂವಿನಿಂದ ಮಾಡುತ್ತಾರೆ, ಬೇಳೆಯಿಂದ ಮಾಡುವುದನ್ನು ಇವತ್ತೇ ಕೇಳಿದ್ದು ಅಂದ.

ಸಾಹೇಬರು ಬಾಟ್ಲಿ ತೆಗೆದುಕೊಂಡು ಬಿರಡೆ ಬಿಚ್ಚಿದರು. ಇಂಗು, ಕರಿಬೇವಿನ ವಾಸನೆ ಎದ್ದಿತು. ಅವರ ಹುಬ್ಬು ಮೇಲೇರಿತು. ಚಪ್ಪಲಿ ಕಳಚಿ, ತೀರ್ಥಕ್ಕೆ ಹಿಡಿಯುವ ಹಾಗೆ ಅಂಗೈ ಹಿಡಿದು, ಒಂದಿಷ್ಟು ಸುರಿದುಕೊಂಡು ಕುಡಿದರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅವರು ಎರಡನೇ ಸಲ ಅಂಗೈ ತುಂಬಿಕೊಂಡರು. ಆಮೇಲೆ ಪೇದೆಯ ಕಡೆ ತಿರುಗಿ ತೀರ್ಪು ಕೊಟ್ಟರು.

"ಸಾರು ಛೆ."

ನಾನೂ ಅದನ್ನೇ ತಾನೇ ಆಗಿನಿಂದ ಹೇಳುತ್ತಿದ್ದದ್ದು? ಪೇದೆಯೂ ಅಂಗೈ ಚಾಚಿದ. ಭಾವ ಕೇಳಿದವನು ಬೇಜಾರಿನಿಂದ ಹೊರಟುಹೋದ.

ತಿಂಗಳ ಕೊನೆಗೆ ನನ್ನ ಕೆಲಸ ಖಾಯಂ ಆದ ಪತ್ರ ಬಂತು. ಕುತೂಹಲ ತಡೆಯಲಾಗಲಿಲ್ಲ. ಸಾಹೇಬರ ಕ್ಯಾಬಿನ್ನಿಗೆ ಹೋಗಿ, ಅಭ್ಯಾಸಗಳ ಕಾಲಮಿನಲ್ಲಿ ಏನು ಬರೆದಿರಿ ಸಾರ್ ಅಂತ ಕೇಳಿದೆ.

ಅವರು ಫೈಲಿನಿಂದ ತಲೆ ಎತ್ತದೆ, "ಸಾರು" ಅಂದರು. ಯಾವ ಸಾರು ಅಂತ ಮಾತ್ರ, ಜೀವನದಲ್ಲಿ ಮೊದಲ ಸಲ, ನಾನು ಕೇಳಲಿಲ್ಲ.