ಕೊನೆಗೂ ಒಣಗಿದ ಕಿಟಕಿ

ಗಂಡ ಹೆಂಡತಿ ಜಗಳಕ್ಕೆ ಸಾವಿರ ಕಾರಣ ಇರುತ್ತವಂತೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ: ಮಲಗುವ ಕೋಣೆಯ ಕಿಟಕಿ. ಕೆನಡಾದ ವಿನಿಪೆಗ್ಗಿನ ಚಳಿಗಾಲದಲ್ಲಿ ಮನೆಯೊಳಗಿನ ಹಬೆ ತಣ್ಣನೆಯ ಗಾಜಿಗೆ ತಾಗಿ ಎಲ್ಲರ ಕಿಟಕಿಯೂ ಬೆವರುತ್ತದೆ, ಒಪ್ಪಿದೆ. ನಮ್ಮದು ಗೋಳೋ ಎಂದು ಅಳುತ್ತಿತ್ತು. ಗಾಜಿನಿಂದ ಇಳಿದ ನೀರು ಕಟ್ಟೆಯ ಮೇಲೆ ನಿಂತು, ಮೂಲೆಯಲ್ಲಿ ಕರೀ ಬೂಷ್ಟಿಗೆ ಜನ್ಮ ಕೊಡುತ್ತಿತ್ತು.

"ಎಲ್ಲಾ ನಿನ್ನ ಬೀಟ್‌ರೂಟ್ ಸಾರಿನ ಹಬೆ ಕಣೇ," ಎನ್ನುತ್ತಿದ್ದೆ ನಾನು. ನನ್ನ ಹೆಂಡತಿ ಸ್ಟೆಫಾನಿಯಾ ಚಳಿಗಾಲವಿಡೀ ಸಾರು ಕುದಿಸುವವಳು. ಸಾಲದ್ದಕ್ಕೆ ಚರ್ಚಿನ ಮಾರಾಟಕ್ಕೆಂದು ಹಂಡೆಗಟ್ಟಲೆ ಆಲೂಗಡ್ಡೆ ಕಡುಬು ಬೇಯಿಸುವವಳು.

"ಸಾರು ಕುದಿಯೋದು ಅಡುಗೆಮನೇಲಿ. ಕಿಟಕಿ ನೆನೆಯೋದು ಮಲಗೋ ಕೋಣೇಲಿ. ಅಲ್ಲಿ ರಾತ್ರಿಯಿಡೀ ಬಾಯಿ ತೆಗೆದು ಗೊರಕೆ ಹೊಡೆಯೋದು ಯಾರು, ಓರೆಸ್ಟ್?"

ಮದುವೆಯಾದಂದಿನಿಂದ ತೀರ್ಪು ಕಾಣದ ವ್ಯಾಜ್ಯ ಇದು. ಈ ಸಲ ಅದಕ್ಕೆ ನ್ಯಾಯಾಧೀಶರೂ ಸಿಕ್ಕರು. ಹಿಮ ಬೀಳುವ ಮೊದಲೇ ಸ್ಟೆಫಾಳ ಎದೆ ಕೆಟ್ಟಿತ್ತು; ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆಂದು ಕ್ಯಾಲ್ಗರಿಯಿಂದ ಬಂದ ಮಗಳು ಲರಿಸಾ ಕೋಣೆಯ ಪರದೆ ಸರಿಸಿ, ಬೂಷ್ಟನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅಪ್ಪಾ, ಅಮ್ಮ ದಿನಾ ಇದನ್ನ ಉಸಿರಾಡ್ತಿದಾಳೆ. ನಾನು ಹೊರಡೋ ಹೊತ್ತಿಗೆ ಇದು ಒಣಗಿರ್ಬೇಕು. ಇಲ್ದಿದ್ರೆ ಅವಳನ್ನ ಕರ್ಕೊಂಡು ಹೋಗ್ತೀನಿ. ಕಿಟಕಿ ಒಣಗೋ ತನಕ ನನ್ನ ಹತ್ರಾನೇ ಇರ್ಲಿ."

"ನನ್ನಿಂದ ಎಲ್ರಿಗೂ ತೊಂದ್ರೆ," ಎಂದಳು ಸ್ಟೆಫಾ ಮೆಲ್ಲಗೆ. ಈಚೆಗೆ ಅವಳ ಬಾಯಲ್ಲಿ ಈ ಮಾತು ಹೆಚ್ಚಾಗಿತ್ತು. ನನಗೆ ಬೂಷ್ಟಿಗಿಂತ ಅದರದೇ ಭಯ.

ಸರಿ, ಸಮರ ಸಾರಿದೆ. ಬೂಷ್ಟನ್ನು ವಿನಿಗರ್ ಹಾಕಿ ಉಜ್ಜಿದೆ. ಆಮೇಲೆ ಚಳಿ ತಡೆಯಲು ಊರಿನವರೆಲ್ಲ ಮಾಡುವಂತೆ ಚೌಕಟ್ಟಿನ ಸುತ್ತ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು ಬಿಗಿ ಮಾಡಿದೆ. (ಬೋಳುತಲೆಯ ಗಂಡಸು ಆ ಯಂತ್ರವನ್ನು ಮುಟ್ಟುವ ಏಕೈಕ ಸಂದರ್ಭ.) ತಮಟೆಯಂತೆ ಬಿಗಿದ ಹಾಳೆಯನ್ನು ನೋಡಿ ಎದೆಯುಬ್ಬಿಸಿದೆ. ಮೊದಲು ಚೌಕಟ್ಟನ್ನು ಒಣಗಿಸಬೇಕಿತ್ತು ಎಂಬುದು ಮಾತ್ರ ಮರೆತೇಹೋಗಿತ್ತು. ಬೆಳಗ್ಗೆ ನೋಡಿದರೆ ಹಾಳೆಯ ಹಿಂದೆ ನೀರು ತುಂಬಿಕೊಂಡು ಜೋಲುತ್ತಿತ್ತು.

"ಒಂದೆರಡು ಮೀನು ತಂದು ಬಿಡು. ಪಾಪ, ಖಾಲಿ ಕಾಣ್ಸತ್ತೆ," ಎಂದು ಸ್ಟೆಫಾ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಹಾಳೆ ಕಿತ್ತೆಸೆದು, ಒಣಗಾಳಿಯಾದರೂ ಬರಲಿ ಎಂದು ಕಿಟಕಿಯನ್ನೇ ತೆರೆದೆ. ಹೊರಗೆ ಮೈನಸ್ ಮೂವತ್ತು. ಗಾಳಿ ಬಂತು, ಸಂತೋಷ. ಕಿಟಕಿ ಮಾತ್ರ ತೆರೆದಲ್ಲೇ ಹೆಪ್ಪುಗಟ್ಟಿ, ಮುಚ್ಚಲು ಹೋದರೆ ಜಗ್ಗಲಿಲ್ಲ. ದಪ್ಪ ಕೋಟು ತೊಟ್ಟು, ಮಂಚದ ಮೇಲೆ ನಿಂತು, ಹೇರ್ ಡ್ರೈಯರಿನಿಂದ ಇಡೀ ಮ್ಯಾನಿಟೋಬಾ ಪ್ರಾಂತ್ಯವನ್ನು ಬಿಸಿ ಮಾಡುತ್ತಿದ್ದ ನನ್ನನ್ನು ಕಂಡು ಲರಿಸಾ ಅಮ್ಮನ ಬಟ್ಟೆ ಜೋಡಿಸಲು ಹೋದಳು. ಅಂತೂ ಮಂಜುಗಡ್ಡೆ ಕರಗಿ ಕಿಟಕಿ ಮುಚ್ಚಿಕೊಳ್ಳುವ ಹೊತ್ತಿಗೆ ಪೆಟ್ಟಿಗೆ ತುಂಬಿತ್ತು.

ಅವರು ಹೋದ ಮಾರನೆಯ ಬೆಳಗ್ಗೆ ಅಭ್ಯಾಸಬಲದಿಂದ ಒರೆಸುವ ಬಟ್ಟೆ ಹಿಡಿದು ಕಿಟಕಿಯ ಬಳಿ ನಿಂತೆ. ಗಾಜು ಒಣಗಿತ್ತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ನಾನು ಯಾವ ಉಪಾಯವನ್ನೂ ಮಾಡಿರಲಿಲ್ಲ. ಅವಳು ಮಾಡಿಟ್ಟುಹೋದ ಸಾರನ್ನು ದಿನವೂ ಕುದಿಸಿ ಉಂಡು, ಎಂದಿನಂತೆ ಬಾಯಿ ತೆರೆದು ಗೊರಕೆ ಹೊಡೆದಿದ್ದೆ, ಅಷ್ಟೇ. ಆ ಗಾಜನ್ನು ನೆನೆಸಲು ಒಬ್ಬನ ಉಸಿರು ಸಾಲದು. ಇಷ್ಟು ವರ್ಷ ನಾನು ಶಪಿಸುತ್ತಾ ಒರೆಸಿದ್ದು ಇಬ್ಬರ ಉಸಿರನ್ನು. ಕೈಯಲ್ಲಿದ್ದ ಬಟ್ಟೆ ಕೊನೆಗೆ ನನ್ನ ಕಣ್ಣೊರೆಸುವ ಕೆಲಸಕ್ಕೇ ಬಂತು.

ಆದರೂ ಒಣಗಿತಲ್ಲ, ಇನ್ನು ಅವಳು ಬರಬಹುದು ಎಂದು ಫೋನ್ ಮಾಡಿದೆ.

"ಕಿಟಕಿ ಒಣಗಿರತ್ತೆ, ಅಲ್ವಾ?" ನಾನು ಬಾಯಿ ತೆರೆಯುವ ಮೊದಲೇ ಸ್ಟೆಫಾ ಕೇಳಿದಳು. "ನಾನಿಲ್ವಲ್ಲ. ಎಲ್ಲಾ ನನ್ನಿಂದ್ಲೇ ಆಗಿದ್ದು. ಬಂದಾಗಿಂದ ಅದೇ ಯೋಚ್ನೆ ನಂಗೆ."

ಆ ದನಿಯನ್ನು ನನ್ನಿಂದ ಕೇಳಲಾಗಲಿಲ್ಲ.

"ಒಣಗೋದೆಲ್ಲಿ ಬಂತು," ಎಂದೆ. "ಮೊದಲಿಗಿಂತ ಜೋರಾಗಿ ಸುರೀತಿದೆ. ಬಕೆಟ್ ಇಟ್ಟಿದೀನಿ."

ಆ ಕಡೆಯಿಂದ ನನ್ನ ಹಳೆಯ ಸ್ಟೆಫಾ ಮಾತಾಡಿದಳು. "ನೋಡಿದ್ಯಾ. ಮದ್ವೆ ಆದಾಗಿಂದ ಹೇಳ್ತಿದೀನಿ, ನಿನ್ನ ಗೊರಕೇನೇ ಅಂತ. ಈಗ್ಲಾದ್ರೂ ಒಪ್ಕೋ."

"ಒಪ್ಕೊಂಡೆ ಮಾರಾಯ್ತಿ."

ಅವಳು ನಕ್ಕಳು. ಕೆಮ್ಮದೆ, ಕೊನೆಯ ತನಕ ನಕ್ಕಳು. ವ್ಯಾಜ್ಯ ಸೋಲುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ಎಂದೋ ಸೋಲುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಲರಿಸಾ ಬಾಯಿ ಹಾಕಿದಳು.

"ಬಕೆಟ್ ಇಡೋವಷ್ಟಾ ಅಪ್ಪಾ? ಹಾಗಾದ್ರೆ ಹಿಮ ಕರಗೋ ತನಕ ಅಮ್ಮ ಇಲ್ಲೇ ಇರ್ಲಿ."

ಈಗ ನಿಜ ಹೇಳಿದರೆ ಸ್ಟೆಫಾಳ ನಗು ಅಲ್ಲೇ ನಿಲ್ಲುತ್ತಿತ್ತು. "ಆಗ್ಲಮ್ಮ," ಎಂದು ಫೋನಿಟ್ಟೆ.

ಹೇಳಿದ ಸುಳ್ಳನ್ನಾದರೂ ನಿಜ ಮಾಡೋಣವೆಂದು ಕೋಣೆಗೆ ಹೋಗಿ, ಗಾಜಿಗೆ ಮುಖ ತಾಗಿಸಿ ಉಸಿರೂದಿದೆ. ಅಂಗೈಯಗಲ ಮಬ್ಬು ಮೂಡಿತು. ನೋಡುತ್ತಿದ್ದ ಹಾಗೇ ಆರಿಹೋಯಿತು. ಮತ್ತೆ ಊದಿದೆ.